ಪಾಟೂ ಇಲ್ಲ, ಕಾಸೂ ಇಲ್ಲ

ನಾನು ಹೇಳುವುದು ಒಂದು, ಜನಕ್ಕೆ ಕೇಳಿಸುವುದು ಇನ್ನೊಂದು. ನನ್ನ ಕೆಲಸದಲ್ಲಿ ಇದು ನಡೆಯದ ದಿನವೇ ಇಲ್ಲ. ತಮಿಳುನಾಡಿನ ಕಂಬಂ ಕಣಿವೆಯ ಒಂದು ಹಳ್ಳಿಯಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸು ನಾನು. ಊಟಕ್ಕೆ ಮುಂಚೆ ನುಂಗಿ ಎಂದು ಕೊಟ್ಟ ಮಾತ್ರೆಯನ್ನು ಊಟದ ಬದಲಿಗೇ ನುಂಗಿದವರನ್ನು ನೋಡಿದ್ದೇನೆ. ಆದರೆ ಎರಡು ವರ್ಷದ ಹಿಂದೆ ನನ್ನ ದನಿ ನನ್ನನ್ನು ಬಿಟ್ಟು ತಾನೊಂದೇ ಊರೂರು ತಿರುಗಲು ಶುರುಮಾಡಿತಲ್ಲ, ಅಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ನಗುವೂ ಬರುತ್ತದೆ, ಮೈಯೂ ಜುಮ್ಮೆನ್ನುತ್ತದೆ.

ಆಶೀರ್ವಾದ

ಸಕ್ಕರೆ ಕಾಯಿಲೆ ಇರುವವರ ಅಂಗಾಲನ್ನು ಆಗಾಗ ನೋಡಬೇಕು. ಅವರಿಗೆ ಕಾಲಿನ ಸ್ಪರ್ಶ ಮೆಲ್ಲಗೆ ಹೋಗಿಬಿಡುತ್ತದೆ. ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ನನ್ನ ಸುತ್ತಿನ ಹಳ್ಳಿಗಳಲ್ಲಿ ನಾನು ನೋಡದ ಅಂಗಾಲಿಲ್ಲ. ಒಂದೇ ಒಂದು ಜೋಡಿ ಮಾತ್ರ ತಪ್ಪಿಸಿಕೊಂಡಿತ್ತು, ಅದು ತೇವಾರಂನಲ್ಲಿರುವ ನನ್ನ ಸ್ವಂತ ದೊಡ್ಡವ್ವನದು.

ದೊಡ್ಡವ್ವನಿಗೆ ಹನ್ನೆರಡು ವರ್ಷದಿಂದ ಸಕ್ಕರೆ. ಮಗ ಸೊಸೆಯ ಜೊತೆ ದ್ರಾಕ್ಷಿ ತೋಟದಲ್ಲಿ ಇವತ್ತಿಗೂ ದುಡಿಯುತ್ತಾಳೆ, ಅದೂ ಬರಿಗಾಲಲ್ಲಿ. ಕಾಲು ತೋರಿಸು ಎಂದರೆ ಮಾತ್ರ ಸೆರಗು ನೆರಿಗೆ ಎಲ್ಲ ಎಳೆದು ಮುಚ್ಚಿಕೊಳ್ಳುತ್ತಾಳೆ. ಅದಕ್ಕೆ ಕಾರಣವಿದೆ. ದೊಡ್ಡಪ್ಪ ಒಂದು ಬೆರಳಿನ ಹುಣ್ಣು ತೋರಿಸಲು ಹೋಗಿ ಮೊಣಕಾಲಿನವರೆಗೂ ಕಳೆದುಕೊಂಡು ಬಂದವರು. ತೋರಿಸಿದ್ದು ತಡವಾಯಿತು ಅನ್ನುವುದು ನನ್ನ ವಾದ. ತೋರಿಸಿದ್ದೇ ತಪ್ಪಾಯಿತು ಅನ್ನುವುದು ದೊಡ್ಡವ್ವನ ವಾದ.

ಸರಿ, ಕೇಳದೆಯೇ ನೋಡೋಣ ಅಂದುಕೊಂಡು ಒಂದು ದಿನ ಅವಳ ಮುಂದೆ ಬಗ್ಗಿ ಪಾದಕ್ಕೆ ಕೈ ಹಾಕಿದೆ. ಕೂತಿರುವ ಹಿರಿಯರ ಕಾಲ ಬಳಿ ಬಗ್ಗಿದರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ, ಕುಂಬಿಡುವುದು, ಅಂದರೆ ನಮಸ್ಕಾರ. ಅವಳು ತಟ್ಟನೆ ನನ್ನ ತಲೆ ಮೇಲೆ ಕೈಯಿಟ್ಟು, “ನೂರು ವರ್ಸ ಬಾಳು ಕಣ್ಣು” ಎಂದು ಮುದ್ದಿನಲ್ಲಿ ಹರಸಿ ಸೊಂಟದ ಚೀಲದಿಂದ ವಿಭೂತಿ ತೆಗೆದು ಹಣೆಗೆ ಬಳಿದಳು. ಬೂದಿ ಕಣ್ಣಿಗೆ ಬಿದ್ದು ನಾನು ಕಣ್ಣು ಉಜ್ಜಿಕೊಳ್ಳುವಷ್ಟರಲ್ಲಿ ಕಾಲು ಸೀರೆಯೊಳಗೆ ಮಾಯ.

“ದೊಡ್ಡವ್ವಾ, ನಾನು ಕುಂಬಿಡಕ್ಕೆ ಬಗ್ಗಲಿಲ್ಲ, ಕಾಲು ನೋಡಕ್ಕೆ ಬಗ್ಗಿದ್ದು.”

“ಎದಕ್ಕೆ ಬಗ್ಗಿದ್ರೂ ಬಗ್ಗಿದ್ದು ಬಗ್ಗಿದ್ದೇ.”

ವಾರಕ್ಕೊಮ್ಮೆ ಹೀಗೆ ಬಗ್ಗಿದೆ. ವಾರಕ್ಕೊಮ್ಮೆ ನೂರು ವರ್ಷ. ಆ ಆರು ತಿಂಗಳಲ್ಲಿ ನನಗೆ ಏನಿಲ್ಲವೆಂದರೂ ಎರಡು ಸಾವಿರ ವರ್ಷ ಆಯಸ್ಸು ಸಿಕ್ಕಿತು, ಅವಳ ಅಂಗಾಲು ಮಾತ್ರ ಒಂದು ಸಲವೂ ಸಿಗಲಿಲ್ಲ.

ಪಾಟು ಕಾಸು

ಆಗಲೇ ನಮಗೆ ದಿಂಡಿಗಲ್‌ನಲ್ಲಿ ಒಂದು ತರಬೇತಿ ನಡೆಯಿತು. ಪಾಠ ಹೇಳಿದ ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. “ಜನ ನಿಮ್ಮ ಮುಂದೆ ಕೂತು ಕೇಳೋದಿಲ್ಲ ಸಿಸ್ಟರ್, ಕೆಲಸ ಮಾಡ್ತಾ ಕೇಳ್ತಾರೆ. ಫೋನಿನಲ್ಲಿ ಐದು ನಿಮಿಷ ಮಾತಾಡಿ ಕಳಿಸಿ. ಇದಕ್ಕೆ ಪಾಡ್‌ಕಾಸ್ಟ್ ಅಂತಾರೆ” ಎಂದಳು. ಊರಿಗೆ ಬಂದವಳೇ ಅಕ್ಕಿ ಮೂಟೆಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಸರ್ಕಾರಿ ತಮಿಳಿನಲ್ಲಿ, ಗಂಟಲು ಸರಿಮಾಡಿಕೊಂಡು ಕಾಲಿನ ಆರೈಕೆಯ ಬಗ್ಗೆ ಐದು ನಿಮಿಷ ಮಾತಾಡಿದೆ. ಅದನ್ನು ಒಯ್ದು ಮೊದಲು ಕೇಳಿಸಿದ್ದು ದೊಡ್ಡವ್ವನಿಗೆ. ಅವಳು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು.

“ಏನದು?”

“ಪಾಡ್‌ಕಾಸ್ಟ್ ದೊಡ್ಡವ್ವಾ.”

“ಪಾಟು ಕಾಸಾ?”

ತಮಿಳಿನಲ್ಲಿ ಪಾಟು ಅಂದರೆ ಹಾಡು. ಕಾಸು ಅಂದರೆ ಎಲ್ಲರಿಗೂ ತಿಳಿದದ್ದೇ. ಎರಡು ನಿಮಿಷ ಕಿವಿಗೊಟ್ಟು ಕೂತಳು. ಆಮೇಲೆ ಸೊಪ್ಪಿನ ಕಡೆ ತಿರುಗಿ, “ಪಾಟೂ ಇಲ್ಲ, ಕಾಸೂ ಇಲ್ಲ. ಎತ್ತಿಡು ಅದ” ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ನಾನು ಬೇಗ ಸಿಟ್ಟಾಗುವವಳು, ಅದನ್ನು ಮುಚ್ಚಿಡುವುದೇನಿದೆ. ಮನೆಗೆ ಬಂದು ಅದೇ ಸಿಟ್ಟಿನಲ್ಲಿ ಅದೇ ವಿಷಯವನ್ನು ನಮ್ಮ ಮನೆಮಾತಿನಲ್ಲಿ ಹೇಳಲು ಕೂತೆ. ಹೇಳುತ್ತಾ ಹೇಳುತ್ತಾ ಸಿಟ್ಟು ಇಳಿದು, ಕಾಲು ತೊಳೆದ್ರಾ, ಒರೆಸಿದ್ರಾ ಎಂದು ಮೆತ್ತಗೆ ಕೇಳತೊಡಗಿದ್ದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನೂರಾರು ವರ್ಷದಿಂದ ನಾವು ಹೀಗೇ ಇದ್ದೇವೆ. ನಮ್ಮ ಕನ್ನಡವನ್ನು ಪುಸ್ತಕದಲ್ಲಿ ಕಂಡವರಿಲ್ಲ. ಅಡುಗೆಮನೆಯಲ್ಲಿ, ಜಗಳದಲ್ಲಿ, ಮಕ್ಕಳನ್ನು ಮಲಗಿಸುವಾಗ ಮಾತ್ರ ಅದು ಬಾಯಿಗೆ ಬರುತ್ತದೆ. ಮಾತಾಡಿದ್ದನ್ನು ಯಾರದೆಂದು ಹೇಳದೆ ದೊಡ್ಡವ್ವನ ಸೊಸೆಯ ಫೋನಿಗೆ ಕಳಿಸಿದೆ.

ಸಂಜೆ ಸೊಸೆಯೇ ಫೋನ್ ಮಾಡಿದಳು. “ಅಕ್ಕಾ, ಅತ್ತೆ ಅದ ಮೂರು ತಡವೆ ಕೇಳಿದ್ರು. ಮೂರನೇ ತಡವೆ ಸೊಪ್ಪು ಕೆಳಗಿಟ್ಟು ಕೇಳಿದ್ರು.”

ಮೂರು ಸಲ! ನಾನು ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟೆ. ರೇಡಿಯೊ, ಟಿ.ವಿ., ಬಸ್ಸು, ಆಸ್ಪತ್ರೆ, ಎಲ್ಲವೂ ಜೀವಮಾನವೆಲ್ಲ ಅವಳ ಜೊತೆ ತಮಿಳಿನಲ್ಲೇ ಮಾತಾಡಿವೆ. ಎಪ್ಪತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ಒಂದು ಯಂತ್ರ ಅವಳ ಅವ್ವನ ಮಾತನ್ನು ಆಡಿತ್ತು. ಇದು ನನಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮುಂದಿನ ವಾರ ಹೋದಾಗ ದೊಡ್ಡವ್ವನೇ ಮಾತು ತೆಗೆದಳು. “ಪಾಟುಕಾಸಿನಾಗ ಒಬ್ಳು ಬತ್ತಾಳೆ. ಎಷ್ಟು ಮೆತ್ತಗೆ ಮಾತಾಡ್ತಾಳೆ ಗೊತ್ತಾ? ನೀನೂ ನರ್ಸೇ ಅಲ್ವಾ, ಅವ್ಳತ್ರ ಒಸಿ ಕಲ್ತ್ಕೋ.”

ಅದು ನಾನೇ ಎಂದು ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಹೇಳಿದರೆ ಕೇಳುವುದನ್ನು ನಿಲ್ಲಿಸಿಬಿಟ್ಟಾಳು ಎಂಬ ಭಯ.

ಮೂರು ವಿಸಿಲ್

ಆಮೇಲೆ ಒಂದೊಂದು ವಿಷಯ ಮಾತಾಡಿ ಸುತ್ತಿನ ಹಳ್ಳಿಗಳ ನಮ್ಮ ಜನದ ಫೋನುಗಳಿಗೂ ಕಳಿಸತೊಡಗಿದೆ. ನಡಿಗೆಯ ಬಗ್ಗೆ ಮಾತಾಡಿದ ದಿನ ಕೋಣೆಯಲ್ಲಿ ಸೆಕೆ ತಡೆಯಲಾರದೆ ಅಡುಗೆಮನೆಯಲ್ಲೇ ಕೂತೆ. ಒಲೆ ಮೇಲೆ ಬೇಳೆ ಇತ್ತು. ಐದು ನಿಮಿಷದಲ್ಲಿ ಕುಕ್ಕರ್ ಮೂರು ಸಲ ಕೂಗಿತು. ಮತ್ತೆ ಮಾತಾಡಲು ಪುರುಸೊತ್ತಿರಲಿಲ್ಲ. ಹಾಗೇ ಕಳಿಸಿಬಿಟ್ಟೆ.

ತಿಂಗಳಾದ ಮೇಲೆ ಒಂದು ಬೆಳಗ್ಗೆ ಕಾಲುವೆ ದಂಡೆಯಲ್ಲಿ ಬರುತ್ತಿದ್ದೆ. ಎಂಟು ಹೆಂಗಸರು ಸಾಲಾಗಿ ನಡೆಯುತ್ತಿದ್ದರು. ಮುಂದಿದ್ದವಳ ಸೊಂಟದಲ್ಲಿ ಫೋನು, ಅದರೊಳಗೆ ನಾನು. ಕುಕ್ಕರ್ ಕೂಗಿದ್ದೇ ತಡ, ಎಂಟೂ ಜನ ಬಿರ್ರನೆ ಓಡುವಂತೆ ನಡೆಯತೊಡಗಿದರು.

“ಇದೇನಮ್ಮಾ?” ಅಂದೆ.

“ನೀವ್ ಹೇಳಿದ್ದೇ ಅಕ್ಕಾ. ಮೊದಲ ವಿಸಿಲ್‌ವರ್ಗೂ ಮೆಲ್ಲಕ್ಕೆ, ಎರಡನೇದ್ರವರ್ಗೂ ಬಿರುಸಾಗಿ, ಮೂರನೇದ್ರವರ್ಗೂ ನಿಂತು ಉಸಿರು ಬಿಡ್ಬೇಕು. ದಿನಕ್ಕೆ ಆರು ತಡವೆ ಹಾಕ್ತೀವಿ, ಮೂವತ್ತು ನಿಮಿಷ ಆಯ್ತದೆ.”

ನಾನು ಹೇಳಿದ್ದು ಮೂವತ್ತು ನಿಮಿಷ ನಡೆಯಿರಿ ಎಂದಷ್ಟೇ. ನಿಧಾನ, ಬಿರುಸು, ವಿಶ್ರಾಂತಿ ಎಂಬ ಕ್ರಮವನ್ನು ಕಂಡುಹಿಡಿದದ್ದು ಅವರು ಮತ್ತು ನನ್ನ ಕುಕ್ಕರ್. ಅಷ್ಟು ವರ್ಷ ಮನೆಮನೆಗೆ ಹೋಗಿ ನಡೆಯಿರಮ್ಮಾ ಎಂದು ಗೋಗರೆದಾಗ ಎದ್ದು ನಿಂತವರಿಲ್ಲ. ಈಗ ಎಂಟು ಜನ ಬೆವರು ಒರೆಸಿಕೊಳ್ಳುತ್ತಾ ನನ್ನ ಮುಂದೆ ನಿಂತಿದ್ದರು. ನನಗೆ ಕಣ್ಣು ತುಂಬಿ ಬಂತು. ಹಿಂದಿದ್ದವಳೊಬ್ಬಳು ಮೆಲ್ಲಗೆ ಮುಂದೆ ಬಂದು, “ಒಂದು ಕೇಳ್ಲಾ ಅಕ್ಕಾ?” ಅಂದಳು.

“ಕೇಳಮ್ಮಾ.”

“ದಿನಾ ಹದಿನೆಂಟು ವಿಸಿಲ್ ಆಯ್ತದಲ್ಲ, ಅದು ಯಾವ ಬೇಳೆ?”

ಶುದ್ಧ ಕನ್ನಡದ ಫಲ

ಹೀಗೆ ನಾಲ್ಕು ಜನ ಹೊಗಳಿದ ಮೇಲೆ ನನಗೆ ಸ್ವಲ್ಪ ತಲೆ ತಿರುಗಿತು. ಮೈಸೂರಿನ ಕಡೆಯವರು ಯಾರೋ ಕೇಳಿ, ನಿಮ್ಮದು ಕನ್ನಡವೇ ಅಲ್ಲ ಅಂದರಂತೆ. ಹಾಗಾದರೆ ತೋರಿಸುತ್ತೇನೆ ಎಂದು ವಾರವೆಲ್ಲ ಕನ್ನಡದ ವಾರ್ತೆ ಕೇಳಿ, ಪದ ಬರೆದುಕೊಂಡು, ಸಕ್ಕರೆ ಕಾಯಿಲೆಯ ಬಗ್ಗೆ ಭಾಷಣ ಮಾಡಿದೆ. “ಸಕ್ಕರೆಯನ್ನು ಸಂಪೂರ್ಣವಾಗಿ ವರ್ಜಿಸಿ!”

ಎರಡು ತಿಂಗಳಾದ ಮೇಲೆ ಹನುಮಂತನಪಟ್ಟಿಯ ಒಬ್ಬ ತಾತನ ರಕ್ತ ನೋಡಿದರೆ ಸಕ್ಕರೆ ಇಳಿಯುವ ಬದಲು ಏರಿ ಕೂತಿದೆ. ತಾತ ದ್ರಾಕ್ಷಿ ಬೆಳೆಯುವವರು, ಸುಳ್ಳು ಹೇಳುವ ಜನವಲ್ಲ. “ಸಕ್ಕರೆ ಮುಟ್ಟಿ ಎರಡು ತಿಂಗಳಾಯ್ತು ತಾಯಿ” ಎಂದು ದೇವರ ಪಟ ಮುಟ್ಟಿ ಹೇಳಿದರು. ಅಜ್ಜಿಯೂ ಆಣೆ ಇಟ್ಟರು. ಅಷ್ಟರಲ್ಲಿ ಕಾಫಿ ಬಂತು. ಒಂದು ಗುಟುಕು ಕುಡಿದೆ, ಪಾಯಸ!

“ಇದ್ರಲ್ಲಿ ಏನ್ ಹಾಕಿದ್ದೀರಿ ಅಜ್ಜೀ?”

“ಸೀನಿ.”

ಆಗ ಹೊಳೆಯಿತು. ನಮ್ಮ ಕಡೆ ಸಕ್ಕರೆ ಅಂದರೆ ಕಂದು ಬಣ್ಣದ ಬೆಲ್ಲದ ಪುಡಿ. ಅಂಗಡಿಯ ಬಿಳಿ ಸಕ್ಕರೆಗೆ ನಾವು ಅನ್ನುವುದು ಸೀನಿ. ಹುಟ್ಟಿದಾಗಿನಿಂದ ನಾನೂ ಸೀನಿ ಅಂದವಳೇ. ವಾರ್ತೆಯ ಕನ್ನಡ ಮಾತಾಡಲು ಹೋಗಿ ಮನೆಯ ಡಬ್ಬಿಯ ಹೆಸರನ್ನೇ ಮರೆತಿದ್ದೆ.

“ನೀವು ಸಕ್ಕರೆ ಬುಡಿ ಅಂದ್ರಲ್ಲ, ಬುಟ್ವಿ” ಅಂದರು ಅಜ್ಜಿ. “ಬಾಯಿ ಸಪ್ಪೆ ಆಯ್ತು ಅಂದ್ರು, ಪಾಪ. ಅದ್ಕೆ ಸೀನಿ ಒಂದು ಚಮಚ ಜಾಸ್ತಿ ಹಾಕ್ತೀನಿ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಕಿ ಕೋಣೆಯಲ್ಲಿ ಕೂತು ಆಡಿದ ಒಂದೇ ಪದ ಒಬ್ಬ ಮನುಷ್ಯನ ರಕ್ತಕ್ಕೆ ಇಳಿದಿತ್ತು. ಮಾತಿಗೆ ಇಷ್ಟು ಬಲವಿದೆಯೇ ಎಂದು ಅವತ್ತು ನಿಜವಾಗಿ ಹೆದರಿದೆ. ಆ ದಿನವೇ ಕೂತು ಸೀನಿ, ಸಕ್ಕರೆ, ಬೆಲ್ಲ, ತಾಳೆಬೆಲ್ಲದ ಕರುಪಟ್ಟಿ ಎಲ್ಲವನ್ನೂ ಅವುಗಳ ಮನೆಯ ಹೆಸರಿನಲ್ಲೇ ಕರೆದು ಬೇಡ ಎಂದು ಹೇಳಿದೆ. ತಾತನ ಕಾಫಿ ಕಹಿಯಾಯಿತು, ರಕ್ತ ಸರಿಹೋಯಿತು.

ಅವತ್ತು ನಾನು ಹೊರಡುವಾಗ ತಾತ ಬಾಗಿಲವರೆಗೂ ಬಂದಿದ್ದರು. “ಎಲ್ಲಾ ಅರ್ಥ ಆಯ್ತು ತಾಯಿ. ಆ ವರ್ಜಿಸಿ ಅಂತ ಒಬ್ರ ಹೆಸರು ಹೇಳಿದ್ರಲ್ಲ, ಅವ್ರು ಮಲೆಯಾಳದ ಡಾಕ್ಟ್ರಾ?”

ಯಾರ ಮನೆಯವಳು?

ದಿಂಡಿಗಲ್‌ನಿಂದ ಒಬ್ಬ ಈರುಳ್ಳಿ ವ್ಯಾಪಾರಿ ಫೋನ್ ಮಾಡಿದರು. ನನ್ನ ದನಿ ಅಷ್ಟು ದೂರ ಹೋದದ್ದು ಹೇಗೋ ನನಗಿಂದಿಗೂ ಗೊತ್ತಿಲ್ಲ. ರಕ್ತದೊತ್ತಡದ ಬಗ್ಗೆ ಏನಾದರೂ ಕೇಳುತ್ತಾರೆ ಅಂದುಕೊಂಡೆ. ನಮ್ಮ ಜನ ನಮ್ಮ ಮಾತು ಕಿವಿಗೆ ಬಿದ್ದರೆ ಮೊದಲು ಕೇಳುವುದು ಬೇರೆಯೇ.

“ಯಾವೂರಮ್ಮಾ? ಯಾರ ಮನೆಯವಳು? ಯಾವ ಕುಲ?”

ಎಲ್ಲ ಹೇಳಿದೆ. ಹತ್ತು ನಿಮಿಷದಲ್ಲಿ ಅವರು ನನಗೆ ಮಾವನಾಗಬೇಕೆಂದು ತೀರ್ಮಾನವಾಯಿತು. ಆಮೇಲೆ ಅವರ ದನಿ ಬದಲಾಯಿತು. “ನಮ್ಮ ಮೊಮ್ಮಗಳು ಕಾಲೇಜು. ಮನೇಲಿ ನಾವು ಆಡಿದ್ದು ತಿಳೀತದೆ, ಬಾಯ್ಬಿಟ್ಟು ಒಂದು ಮಾತಾಡಲ್ಲ. ಬರೀ ತಮಿಳು. ನಿಂದು ಕೇಳೀ ಕೇಳೀ ಈಗ ಮಾತಾಡ್ತಾಳಮ್ಮಾ!” ಎಂದರು. ಕಾಯಿಲೆಯ ಬಗ್ಗೆ ಹೇಳಲು ಹೋಗಿ ನಾನು ಒಂದು ಮಗುವಿಗೆ ಅದರ ಅಜ್ಜಿಯ ಮಾತು ಕಲಿಸಿದ್ದೆ. ಇದನ್ನು ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ.

ಆ ಹುಡುಗಿಯನ್ನು ಕಂಡದ್ದು ಪೆರಿಯಕುಳಂನಲ್ಲಿ, ಒಂದು ಮಗುವಿನ ಕಿವಿ ಚುಚ್ಚುವ ದಿನ. ನೆಂಟರೆಲ್ಲ ಕೂಡಿದ್ದರು. ಮೊಮ್ಮಗಳು ಕನ್ನಡ ಮಾತಾಡುತ್ತಾಳೆ ಎಂದು ತಾತ ಅಷ್ಟೂ ಜನಕ್ಕೆ ಹೇಳಿಬಿಟ್ಟಿದ್ದರು. ಹಿರಿಯ ಹೆಂಗಸೊಬ್ಬರು ಹತ್ತಿರ ಕರೆದು ಗಲ್ಲ ಹಿಡಿದು, “ಚೆನ್ನಾಗಿದ್ದೀಯಾ ಕಣ್ಣು?” ಎಂದು ಕೇಳಿದರು. ಸುತ್ತ ಇದ್ದವರೆಲ್ಲ ಹತ್ತಿರ ಸರಿದರು.

ಹುಡುಗಿ ನೆಟ್ಟಗೆ ನಿಂತು, ಒಂದು ತಪ್ಪಿಲ್ಲದೆ, ನನ್ನದೇ ರಾಗದಲ್ಲಿ ಹೇಳಿದಳು: “ಚೆನ್ನಾಗಿದ್ದೀನಿ ಅಜ್ಜಿ. ನೀವು ದಿನಕ್ಕೆ ಎಷ್ಟು ತಡವೆ ಹೋಗ್ತೀರಿ? ನೀರಾಗಿ ಹೋಗ್ತದಾ, ಗಟ್ಟಿಯಾಗಿ ಹೋಗ್ತದಾ?”

ಅವಳು ಕೇಳಿ ಕಲಿತದ್ದು ಭೇದಿಯ ಬಗ್ಗೆ ನಾನು ಮಾಡಿದ ಕಂತನ್ನು.

ಕೇಳು

ಇಷ್ಟೆಲ್ಲ ಆದರೂ ನನ್ನ ಮನಸ್ಸೆಲ್ಲ ಇದ್ದದ್ದು ಒಂದು ಜೊತೆ ಅಂಗಾಲಿನ ಮೇಲೆ. ಈ ವರ್ಷ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ ಮುಗಿದ ಮೇಲೆ ದೊಡ್ಡವ್ವ ಎಡಗಾಲನ್ನು ಸ್ವಲ್ಪ ಓರೆಯಾಗಿ ಊರುವುದನ್ನು ಕಂಡೆ. ಬೇಡಿದೆ, ಬೈದೆ, ಊಟ ಬಿಡುತ್ತೇನೆ ಅಂದೆ. ವಿಭೂತಿ ಸಿಕ್ಕಿತು, ಕಾಲು ಸಿಗಲಿಲ್ಲ.

ಅದಕ್ಕೆ ಮತ್ತೆ ಕಾಲಿನ ಬಗ್ಗೆಯೇ ಒಂದು ಕಂತು ಮಾಡಿದೆ. ಎದುರಿಗೆ ಒಬ್ಬರು ಕೂತಿದ್ದಾರೆ ಅಂದುಕೊಂಡು ಪ್ರಶ್ನೆ ಕೇಳಿ, ಉತ್ತರಕ್ಕೆ ಜಾಗ ಬಿಡಿ ಎಂದು ದಿಂಡಿಗಲ್‌ನ ತರಬೇತಿಯಲ್ಲಿ ಆ ಡಾಕ್ಟರು ಹುಡುಗಿ ಹೇಳಿದ್ದಳು. ಹಾಗೇ ಪ್ರತಿ ಪ್ರಶ್ನೆಯ ನಂತರ ಬೆರಳು ಮಡಚಿ ಒಂದು, ಎರಡು, ಮೂರು, ನಾಲ್ಕು ಎಣಿಸಿ ಸುಮ್ಮನಿದ್ದೆ. ಕೊನೆಯಲ್ಲಿ ಎಂದಿನಂತೆ, “ಕೇಳಿ, ಕೇಳ್ತಾ ಇರಿ” ಅಂದೆ.

ನಾಲ್ಕು ದಿನಕ್ಕೆ ಸೊಸೆಯ ಫೋನ್ ಬಂತು. ದನಿಯಲ್ಲಿ ನಗು, ಅದರ ಅಡಿಯಲ್ಲಿ ಭಯ. “ಅಕ್ಕಾ, ಅತ್ತೆ ಫೋನಿಗೆ ಉತ್ತರ ಕೊಡ್ತಾ ಅವ್ರೆ. ಕಾಲು ತೊಳೆದ್ರಾ ಅಂತ ಅದು ಕೇಳಿದ್ರೆ, ತೊಳ್ದೆ ತಾಯಿ ಅಂತಾರೆ. ಬೆರಳ ಸಂದಿ ಒರೆಸಿದ್ರಾ ಅಂದ್ರೆ, ಮರ್ತೋಯ್ತು ಅಂತ ಹೋಗಿ ಒರೆಸ್ಕೊಂಡು ಬತ್ತಾರೆ. ಅಂಗಾಲು ಹೆಂಗದೆ ಅಂದ್ರೆ, ಎಡಗಾಲು ಎತ್ತಿ ಫೋನಿಗೆ ತೋರಿಸ್ತಾ ಅವ್ರೆ! ನಾನು ಹೋದ್ರೆ ಮುಚ್ಕೊಂಡ್ಬುಡ್ತಾರೆ.”

ನಾನು ಅಲ್ಲಿಯೇ ಉಪಾಯ ಮಾಡಿದೆ. ಪಾಟುಕಾಸಿನ ಅಮ್ಮ ನಿಮ್ಮ ಜೊತೆ ನೇರವಾಗಿ ಮಾತಾಡುತ್ತಾರಂತೆ ಎಂದು ಹೇಳಿಸಿ, ವೀಡಿಯೊ ಕರೆ ಮಾಡಿದೆ. ನನ್ನ ಕಡೆಯ ಕ್ಯಾಮರಾಕ್ಕೆ ಹೆಬ್ಬೆರಳು ಅಡ್ಡ ಹಿಡಿದೆ. ಆಕಡೆಯಿಂದ ದೊಡ್ಡವ್ವನ ಮುಖ ಕಾಣಿಸಿತು.

ದನಿಯನ್ನು ಆದಷ್ಟು ಮೆತ್ತಗೆ ಮಾಡಿ, “ಅಂಗಾಲು ಹೇಗಿದೆ ತಾಯಿ?” ಅಂದೆ. ಒಂದು, ಎರಡು, ಮೂರು. ಮೂರಕ್ಕೆ ಸೀರೆ ಸರಿಯಿತು. ಎಡಗಾಲು ಮೇಲೆ ಬಂದು ಪರದೆ ತುಂಬ ನಿಂತಿತು.

ಹೆಬ್ಬೆರಳ ಬುಡದಲ್ಲಿ ಕಪ್ಪು ಹುಣ್ಣು. ನಡುವೆ ದ್ರಾಕ್ಷಿ ಚಪ್ಪರದ ಕಂಬಿಯ ಚೂರು ಮಿನುಗುತ್ತಿತ್ತು. “ನೋವೇನಿಲ್ಲ ತಾಯಿ, ಅದ್ಕೇ ಸುಮ್ಕಿದ್ದೆ” ಎನ್ನುತ್ತಿದ್ದಳು. ದೊಡ್ಡಪ್ಪನೂ ಹಾಗೇ ಅಂದಿದ್ದರು. ಮೆತ್ತನೆ ದನಿ ಎಲ್ಲಿ ಹೋಯಿತೋ, “ಅಯ್ಯೋ ನಿನ್ನ! ಇಷ್ಟು ದಿನ ಇದ್ನ ಬಚ್ಚಿಟ್ಕೊಂಡು ತೋಟ ತಿರುಗ್ತಿದ್ದೀಯಾ ಮುದುಕೀ!” ಎಂದು ಕಿರುಚಿದೆ.

ಕಾಲು ಮೆಲ್ಲಗೆ ಕೆಳಗಿಳಿಯಿತು. ಹಿಂದಿನಿಂದ ದೊಡ್ಡವ್ವನ ಮುಖ ಬಂತು. ಸ್ವಲ್ಪವೂ ಬೆಚ್ಚಿರಲಿಲ್ಲ.

“ಬಂದ್ಯಾ? ಇನ್ನೂ ಯಾಕೆ ಬರ್ಲಿಲ್ಲ ಅಂತ ನೋಡ್ತಾ ಇದ್ದೆ.”

ಅವತ್ತೇ ತೇನಿಯ ಆಸ್ಪತ್ರೆಗೆ ಕರೆದೊಯ್ದೆವು. ಕಂಬಿ ತೆಗೆದರು, ಹುಣ್ಣು ಶುಚಿ ಮಾಡಿದರು. ಇನ್ನು ಹತ್ತು ದಿನ ಬಿಟ್ಟಿದ್ದರೆ ಬೆರಳು ಉಳಿಯುತ್ತಿರಲಿಲ್ಲ ಅಂದರು. ಮೂರು ವಾರ ಅಲ್ಲೇ ಇದ್ದು ಕಟ್ಟು ಬದಲಿಸಿಕೊಂಡು, ಹತ್ತೂ ಬೆರಳಿನೊಂದಿಗೆ ಮನೆಗೆ ಬಂದಳು. ಪ್ರತಿದಿನ ಕಟ್ಟು ಬಿಚ್ಚುವಾಗ ನಾನು ಆ ಬೆರಳುಗಳನ್ನು ಎಣಿಸುತ್ತಿದ್ದೆ, ಆಗ ತಾನೇ ಹುಟ್ಟಿದ ಮಗುವಿನದನ್ನು ಎಣಿಸಿದ ಹಾಗೆ.

ಒಂದು ದಿನ ಹಾಸಿಗೆಯ ಪಕ್ಕ ಕೂತು ಕೇಳಿದೆ. “ಅದು ನಾನೇ ಅಂತ ನಿಂಗೆ ಎಂದು ತಿಳೀತು?”

“ಮೊದಲ ದಿನವೇ. ನಿನ್ನ ತೊಟ್ಟಿಲು ತೂಗ್ದೋಳು ನಾನು, ನಿನ್ನ ದನಿ ತಿಳೀದಾ?”

“ಮತ್ತೆ ಅವಳನ್ನು ಹೊಗಳಿದ್ದು? ಅವಳತ್ರ ಕಲ್ತ್ಕೋ ಅಂದದ್ದು?”

“ಆಮಾ, ಹೌದು, ಕಲ್ತ್ಕೋ ಅಂತಲೇ ಅಂದದ್ದು. ಎದ್ರುಗೆ ಬಂದ್ರೆ ನೀನು ಹೇಳ್ತೀಯ. ಹೇಳ್ತಾನೇ ಇರ್ತೀಯ. ಫೋನಿನಾಗಾದ್ರೆ ಕೇಳ್ತೀಯ. ಈಗಂತೂ ಕೇಳ್ಬುಟ್ಟು ಒಸಿ ಸುಮ್ಕಿರ್ತೀಯ.”

ಬೆರಳು ಮಡಚಿ ಎಣಿಸಿದ ಆ ನಾಲ್ಕು ಎಣಿಕೆಯಷ್ಟು ಮೌನವನ್ನು ಇಪ್ಪತ್ತಾರು ವರ್ಷದಲ್ಲಿ ನಾನು ಒಬ್ಬ ಕಾಯಿಲೆಯವರಿಗೂ ಕೊಟ್ಟಿರಲಿಲ್ಲ. ಒಂದು ಮುಚ್ಚಿದ ಕಾಲನ್ನು ತೆರೆಯಲು ಅಷ್ಟು ಸಾಕಾಗಿತ್ತು. ಅದನ್ನು ನೆನೆದರೆ ನನಗೆ ಈಗಲೂ ಬೆರಗು.

ಈಗ ವಾರಕ್ಕೊಮ್ಮೆ ಹೋಗುತ್ತೇನೆ. ಅಂಗಾಲು ಹೇಗಿದೆ ದೊಡ್ಡವ್ವಾ ಎಂದು ಕೇಳಿ, ತುಟಿ ಕಚ್ಚಿಕೊಂಡು ಎಣಿಸುತ್ತೇನೆ. ಮೂರಕ್ಕೆ ಕಾಲು ಹೊರಗೆ ಬರುತ್ತದೆ. ಬಗ್ಗಿ ನೋಡುತ್ತೇನೆ. ಅಭ್ಯಾಸಬಲದಿಂದ ತಲೆ ಮೇಲೆ ಕೈಯೂ ಬೀಳುತ್ತದೆ, ಹಣೆಗೆ ವಿಭೂತಿಯೂ ಬೀಳುತ್ತದೆ, ಕಾಲು ಮಾತ್ರ ಈಗ ಕದಲುವುದಿಲ್ಲ.

ಮೊನ್ನೆ ಕಣ್ಣಿನ ಬೂದಿ ಒರೆಸಿಕೊಳ್ಳುತ್ತಾ ಅಂದೆ, “ಸಾಕು ದೊಡ್ಡವ್ವಾ, ಹಳೇದೇ ಎರಡು ಸಾವಿರ ವರ್ಷ ಬಾಕಿ ಅದೆ. ಅಷ್ಟು ವರ್ಷ ಬದುಕಿ ನಾನೇನ್ ಮಾಡ್ಲಿ?”

“ಕೇಳ್ಕೊಂಡಿರು” ಅಂದಳು.